ಅಡಿಯ ಪದರ

"ನಿಮ್ಮ ಹತ್ರ ಇರೋದ್ರಲ್ಲೇ ಭಾರೀ ಫೈಲ್ ಯಾವುದೋ ಅದನ್ನ ತಂದಿದ್ದೀರಾ?" ಕಂಪ್ಯೂಟರ್ ಅಂಗಡಿಯವರು ಕೇಳಿದರು. "ಪೆಟ್ಟಿಗೆ ಮೇಲೆ ಬರೆದಿರೋದನ್ನ ನಂಬಬೇಡಿ. ನಿಮ್ಮ ಕೆಲಸಾನ ಇಲ್ಲೇ ತೆರೆದು ನೋಡಿ, ಆಮೇಲೆ ತಗೊಳ್ಳಿ."

ತಂಗಿ ಚೀಲದಿಂದ ಪೆನ್‌ಡ್ರೈವ್ ತೆಗೆದಳು. ಮಕ್ಕಳ ಪುಸ್ತಕಗಳಿಗೆ ಚಿತ್ರ ಬರೆಯುವುದು ಅವಳ ಕಸುಬು. ಹಾರಲು ಹೆದರುವ ಕಾಗೆಮರಿಯ ಪುಸ್ತಕ ಐದು ವರ್ಷದ ಹಿಂದೆ ಅವಳಿಗೆ ಹೆಸರು ತಂದುಕೊಟ್ಟಿತ್ತು. ಈಗ ಪ್ರಕಾಶಕರು ಅದನ್ನೇ ದೊಡ್ಡ ಆಕಾರದಲ್ಲಿ ಮತ್ತೆ ಮುದ್ರಿಸಲು ಹೊರಟಿದ್ದರು. ಮನೆಯ ಹಳೆಯ ಲ್ಯಾಪ್‌ಟಾಪೋ, ಆ ಫೈಲ್ ತೆರೆಯುವಷ್ಟರಲ್ಲಿ ಏದುಸಿರು ಬಿಟ್ಟು ನಿಂತೇಬಿಡುತ್ತಿತ್ತು. ಚೌಕಾಸಿಯಲ್ಲಿ ಎತ್ತಿದ ಕೈ ಎಂದು ಅಕ್ಕನನ್ನೂ ಅಂಗಡಿಗೆ ಕರೆತಂದಿದ್ದಳು.

ಮೊದಲನೆಯ ಕಂಪ್ಯೂಟರಿನಲ್ಲಿ ಚಿತ್ರವೇನೋ ತೆರೆಯಿತು. ಆದರೆ ತಂಗಿ ಅಂಗಡಿಯ ಡಿಜಿಟಲ್ ಪೆನ್ನನ್ನು ಪರದೆಯ ಮೇಲೆ ಎಳೆದು ಮುಗಿಸಿದ ಮೇಲೆ ಗೆರೆ ಹಿಂದಿನಿಂದ ನಿಧಾನವಾಗಿ ಬಂತು.

"ನೀನು ಕರೆದ ಎಷ್ಟೋ ಹೊತ್ತಿಗೆ ನಿನ್ನ ಮಗ ಎದ್ದು ಬರ್ತಾನಲ್ಲ, ಹಾಗೇ ಇದೆ ಕಣೆ ಇದು" ಎಂದಳು ಅಕ್ಕ.

ಅಂಗಡಿಯವರು ನಕ್ಕರು. "ಮೆಮೊರಿ ಸಾಲದು. ಮೆಮೊರಿ ಅಂದ್ರೆ ಕೆಲಸದ ಮೇಜಿದ್ದ ಹಾಗೆ. ಇಕ್ಕಟ್ಟಾದ್ರೆ ಹಾಳೆ ಎಲ್ಲಿ ಹರಡ್ತೀರಿ? ಆ ಕಡೆ ಇರೋದು ನೋಡಿ. ಇದರ ನಾಲ್ಕರಷ್ಟು ಮೆಮೊರಿ, ಚಿತ್ರ ಮೂಡಿಸೋ ಗ್ರಾಫಿಕ್ಸ್ ಕಾರ್ಡೂ ದೊಡ್ಡದು."

ಅದರಲ್ಲಿ ಚಿತ್ರ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಂಡಿತು. ಆಕಾಶ, ಎಲೆ, ರೆಕ್ಕೆ, ನೆರಳು, ಎಲ್ಲ ಗಾಜಿನ ಹಾಳೆಗಳ ಹಾಗೆ ಒಂದರ ಮೇಲೊಂದು, ನೂರನಲವತ್ತು ಪದರ. ಅಂಗಡಿಯವರು ಹುರುಪಿನಿಂದ ಮೇಲಿನ ಪದರಗಳನ್ನು ಒಂದೊಂದಾಗಿ ಮರೆಮಾಡುತ್ತ ಹೋದರು. ಆಕಾಶ ಹೋಯಿತು. ಎಲೆಗಳು ಹೋದವು. ಎಲ್ಲೂ ತಡವರಿಕೆಯಿಲ್ಲ.

"ಸಾಕು ಸಾಕು, ಚೆನ್ನಾಗಿದೆ" ಎಂದಳು ತಂಗಿ, ತುಸು ಅವಸರದಿಂದ.

"ಪೂರ್ತಿ ನೋಡ್ಬಿಡಿ ಮೇಡಂ, ಆಮೇಲೆ ಅನುಮಾನ ಇರಬಾರದು."

ಕಾಗೆಯ ಕಪ್ಪು ಹೋಯಿತು. ಎಲ್ಲಕ್ಕಿಂತ ಅಡಿಯಲ್ಲಿ ಒಂದು ಪೆನ್ಸಿಲ್ ಚಿತ್ರ ಉಳಿಯಿತು. ಕೊಂಬೆಯ ತುದಿಯಲ್ಲಿ ಒಂದು ಕಾಲೆತ್ತಿದ ಕಾಗೆಮರಿ, ಗೂಡಿನ ಕಡೆಗೆ ಕತ್ತು ಹೊರಳಿಸಿ ನೋಡುತ್ತಿದೆ. ಅಚ್ಚಾದ ಪುಸ್ತಕದ ಕಾಗೆಮರಿಯೂ ಗೆರೆಗೆ ಗೆರೆ ಹೀಗೇ.

"ಆಹಾ, ಜೀವ ಇರೋದೇ ಇಲ್ಲಿ!" ಅಂಗಡಿಯವರು ಬಾಗಿ ನೋಡಿದರು. "ಗೀಟೆಲ್ಲ ಎಡಗಡೆಗೆ ವಾಲಿದೆಯಲ್ಲ, ನೀವು ಎಡಚರಾ?"

ತಂಗಿಯ ಬಲಗೈಯಲ್ಲಿ ಪೆನ್ನು ಹಾಗೇ ನಿಂತಿತ್ತು.

"ನಾನು" ಎಂದಳು ಅಕ್ಕ.

ಪ್ರಕಾಶಕರಿಗೆ ನಿನ್ನ ಚಿತ್ರ ಹಿಡಿಸಲಿಲ್ಲ, ಎಲ್ಲ ಹೊಸದಾಗಿ ಬರೆದೆ ಅಂತ ತಂಗಿ ಐದು ವರ್ಷದ ಹಿಂದೆ ಅಕ್ಕನಿಗೆ ಹೇಳಿದ್ದಳು. ಕೇಳಿದವರಿಗೆಲ್ಲ ಅದನ್ನೇ ಹೇಳಿ ಹೇಳಿ, ಕೊನೆಗೆ ತಾನೂ ಮುಕ್ಕಾಲು ನಂಬಿದ್ದಳು. ರಕ್ಷಾಪುಟದಲ್ಲಿ ಅವಳೊಬ್ಬಳದೇ ಹೆಸರಿತ್ತು. "ನಮ್ಮಂಥವರಿಗಲ್ಲ ಬಿಡೇ ಅದು" ಎಂದು ನಕ್ಕ ಅಕ್ಕ ಆಮೇಲೆ ಪೆನ್ಸಿಲ್ ಮುಟ್ಟಿರಲಿಲ್ಲ, ಆ ಪುಸ್ತಕವನ್ನು ತೆರೆದೂ ನೋಡಿರಲಿಲ್ಲ.

ಅಕ್ಕ ಪರದೆಯ ಹತ್ತಿರ ಹೋದಳು. ಕಾಗೆಮರಿಯ ಕತ್ತಿನ ಗೆರೆಯ ಮೇಲೆ ಮೆಲ್ಲಗೆ ಬೆರಳಾಡಿಸಿದಳು.

"ಹರಿದು ಹಾಕಿರ್ತೀಯ ಅಂದ್ಕೊಂಡಿದ್ದೆ."

"ಅಕ್ಕಾ..."

"ಚೆನ್ನಾಗೇ ಬರೆದಿದ್ದೆ ಅಲ್ವೇನೇ ನಾನು?"

ಬೈದಿದ್ದರೆ ತಂಗಿ ಹೇಗೋ ತಡೆದುಕೊಳ್ಳುತ್ತಿದ್ದಳು. ಅಕ್ಕ ನಿಜವಾಗಿಯೂ ಕೇಳುತ್ತಿದ್ದಳು, ಐದು ವರ್ಷದಿಂದ ಗೊತ್ತಿಲ್ಲದ್ದನ್ನು ಕೇಳುವ ಹಾಗೆ. "ಹೂಂ" ಎಂದ ತಂಗಿ ಪೆನ್ನನ್ನು ಮೇಜಿನ ಮೇಲಿಟ್ಟಳು.

ಅಂಗಡಿಯವರಿಗೆ ಏನೂ ತಿಳಿಯಲಿಲ್ಲ. ವ್ಯಾಪಾರ ಕುದುರಿತೆಂಬ ಸಂತೋಷದಲ್ಲಿ ಬಿಲ್ ಪುಸ್ತಕ ಎಳೆದುಕೊಂಡರು.

"ಹಾಗಾದ್ರೆ ಇದೇ ತಾನೆ? ಯಾರ ಹೆಸರು ಹಾಕ್ಲಿ?"

"ಅಕ್ಕನ ಹೆಸರು ಹಾಕಿ" ಎಂದಳು ತಂಗಿ, ತಲೆ ಎತ್ತದೆ.

"ಬಿಲ್ಲಿಗೆ ಬೇಡ ಕಣೆ" ಎಂದಳು ಅಕ್ಕ, ಪರದೆಯ ಕಾಗೆಮರಿಯಿಂದ ಕಣ್ಣು ತೆಗೆಯದೆ.