ಕಪ್ಪು ನೆಲದ ಚಾವಡಿ

ಹೊಸ್ತಿಲು ದಾಟಲು ಎತ್ತಿದ ಕಾಲನ್ನು ಕಾರ್ಕಳದ ವೆರೊನಿಕಾ ಬಾಯಿ ಹಾಗೆಯೇ ಹಿಂದಕ್ಕೆ ತೆಗೆದುಕೊಂಡರು. ಸೀರೆಯ ನೆರಿಗೆಯನ್ನು ಒಂದು ಗೇಣು ಮೇಲೆತ್ತಿ ಹಿಡಿದು, ನೆಂಟರನ್ನು ಕೂರಿಸುವ ಚಾವಡಿಯೊಳಗೆ ಬಗ್ಗಿ ನೋಡಿದರು.

"ಒಳಗೆ ನೀರು ನಿಂತಿದೆ, ಅಲ್ವಾ?"

"ನೀರಲ್ಲ ಬಾಯಿ, ಅದು ನೆಲ," ಎಂದರು ಮನೆಯೊಡತಿ ಡುಲ್ಸಿನ್ ಬಾಯಿ.

ಯಾರೂ ನಂಬುವ ಮಾತಲ್ಲ. ಮಾಡಿನ ಜಂತಿಗಳೆಲ್ಲ ಆ ಕಪ್ಪು ನೆಲದೊಳಗೆ ತಲೆಕೆಳಗಾಗಿ ನಿಂತಿದ್ದವು. ಯೇಸುವಿನ ಪಟದ ಮುಂದಿನ ದೀಪ ಮೇಲೊಂದು ಉರಿಯುತ್ತಿತ್ತು, ಕೆಳಗೊಂದು. ವೆರೊನಿಕಾ ಬಾಯಿಯ ಮಗ ವ್ಯಾಲೆಂಟೈನ್ ಬೊಂಬಾಯಿಯ ದೊಡ್ಡ ದೊಡ್ಡ ಆಫೀಸುಗಳನ್ನು ಕಂಡವನು. ಅವನೂ ಬೂಟು ಬಿಚ್ಚಲು ಬಗ್ಗಿದವನು ಬಗ್ಗಿಯೇ ಇದ್ದ.

ನೆಲಕ್ಕೆ ಸಿಮೆಂಟು ಕೊಳ್ಳಲು ಬೇಕಾದ ಸರ್ಕಾರದ ಪರ್ಮಿಟಿಗೆ ಡುಲ್ಸಿನ್ ಬಾಯಿಯ ಗಂಡ ಜೋಕಿಮ್ ಅರ್ಜಿ ಹಾಕಿ ವರ್ಷ ಕಳೆದರೂ ಅದು ಸಿಕ್ಕಿರಲಿಲ್ಲ. ಅಷ್ಟರಲ್ಲಿ ಮಗಳು ಒಲಿಂಡಾಳನ್ನು ನೋಡಲು ಶಿರ್ವದ ಈ ಮನೆಗೆ ಎರಡು ಕಡೆಯವರು ಬಂದಿದ್ದರು. ಎರಡೂ ಕಡೆಯವರು ಚಾವಡಿಯ ಹೊಂಡ ಬಿದ್ದ ಮಣ್ಣಿನ ನೆಲ ನೋಡಿ ಮೂಗು ಮುರಿದು, ಜಗಲಿಯಲ್ಲೇ ಪಾನಕ ಕುಡಿದು ಹೋಗಿದ್ದರು. ಹೋದವರು ಹೋದರು, ಅಷ್ಟೆ. ಹೊಸ್ತಿಲಿನಿಂದ ಹಿಂದೆ ಸರಿದ ಕಾಲು ಮತ್ತೆ ಬರುವುದಿಲ್ಲ ಎಂದು ಡುಲ್ಸಿನ್ ಬಾಯಿಗೆ ಅಂದೇ ಖಾತ್ರಿಯಾಗಿತ್ತು.

ಅದಕ್ಕೇ ಈ ಸಲ ಕಾಪುವಿನಿಂದ ನೆಲ ಮಾಡುವ ಅಕ್ಕುವನ್ನು ಕರೆಸಿದ್ದು. ಅಕ್ಕು ಹಳೆಯ ನೆಲ ಅಗೆದು, ಹೊಸ ಮಣ್ಣು ಹಾಕಿ ಬಡಿದು, ತೆಂಗಿನ ಗೆರಟೆ ಸುಟ್ಟ ಮಸಿಯನ್ನು ದಾಸವಾಳ ಸೊಪ್ಪಿನ ಲೋಳೆಯಲ್ಲಿ ಕಲಸಿ ಬಳಿದು, ನುಣುಪಾದ ಹೊಳೆಗಲ್ಲಿನಿಂದ ಒಂಬತ್ತು ದಿನ ತಿಕ್ಕಿದ್ದಳು. ಕೊನೆಯ ಕೈ ಬಿದ್ದದ್ದು ಅಂದು ಬೆಳಿಗ್ಗೆ. ನಾಲ್ಕು ಗಂಟೆಗೆ ಪೂರ್ತಿ ಒಣಗುತ್ತದೆ ಎಂದಿದ್ದಳು. ಕಾರ್ಕಳದವರು ಬಂದಿಳಿದದ್ದು ಮೂರಕ್ಕೆ. ಎಂದೂ ಹೊತ್ತಿಗೆ ಬಾರದ ಬಸ್ಸು, ಬರಬಾರದ ದಿನ ಮಾತ್ರ ಮೊದಲೇ ಬರುತ್ತದೆ. ಇಗರ್ಜಿಯಿಂದ ಕೇಳಿ ತಂದ ಕುರ್ಚಿಗಳು ಇನ್ನೂ ಜಗಲಿಯಲ್ಲೇ ಇದ್ದವು. ನೆಲಕ್ಕೆ ಗೀರು ಬೀಳಬಾರದೆಂದು ಜೋಕಿಮ್ ಅವುಗಳ ಕಾಲಿಗೆ ಹಳೆ ಬಟ್ಟೆ ಸುತ್ತುತ್ತಿದ್ದರು.

"ತೊಂದರೆ ಇಲ್ಲ, ನಾವು ಇಲ್ಲಿಯೇ ಕೂತುಕೊಳ್ಳುತ್ತೇವೆ," ಎಂದು ವೆರೊನಿಕಾ ಬಾಯಿ ಜಗಲಿಯ ಕುರ್ಚಿಯೊಂದನ್ನು ಎಳೆದುಕೊಂಡರು. "ಐದು ಗಂಟೆಗೆ ವಾಪಸು ಬಸ್ಸು ಉಂಟಲ್ಲ."

ಡುಲ್ಸಿನ್ ಬಾಯಿ ಹೊಸ್ತಿಲ ತನಕ ಹೋದರು. ತಾವೇ ಮೊದಲು ಕಾಲಿಟ್ಟು ತೋರಿಸೋಣವೆಂದರೆ ಅವರ ಕಾಲೂ ಏಳಲಿಲ್ಲ. ಒಣಗಿರದಿದ್ದರೆ? ಒಂದು ಹೆಜ್ಜೆ ಮೂಡಿದರೂ ನೆಲವೂ ಹೋಯಿತು, ಸಂಬಂಧವೂ ಹೋಯಿತು. ಅದೂ ಅಲ್ಲದೆ, ತಮ್ಮದೇ ಮನೆಯ ನೆಲವಾದರೂ ಅಷ್ಟು ಚೆಂದದ್ದನ್ನು ತುಳಿಯಲು ಅವರಿಗೆ ಭಯವಾಗಿತ್ತು.

"ಅಕ್ಕೂ, ಇಲ್ಲಿ ಬಾ ಮಾರಾಯ್ತಿ."

ಬಾವಿಕಟ್ಟೆಯ ಹತ್ತಿರ ಮಸಿ ಕಲಸಿದ ಮಡಕೆ ತೊಳೆಯುತ್ತಿದ್ದ ಅಕ್ಕು ಬಂದು ಅಂಗಳದಲ್ಲೇ ನಿಂತಳು. ಅಲ್ಲಿಂದಲೇ ಕತ್ತು ಚಾಚಿ ನೋಡಿದಳು.

"ಒಣಗಿದೆ ಬಾಯಮ್ಮ. ಬಣ್ಣ ನೋಡಿದರೆ ಗೊತ್ತಾಗುತ್ತದೆ."

"ಬಣ್ಣ ನೋಡಿದರೆ ನನಗೆ ಬಾವಿಯೇ ಕಾಣುವುದು," ಎಂದು ವೆರೊನಿಕಾ ಬಾಯಿ ನಕ್ಕರು. "ಮಾಡಿದವಳೇ ಒಮ್ಮೆ ನಡೆದು ತೋರಿಸಲಿ. ಮತ್ತೆ ನಾವು ಬರುತ್ತೇವೆ."

ಡುಲ್ಸಿನ್ ಬಾಯಿ ಗಂಡನ ಮುಖ ನೋಡಿದರು. ಕೆಲಸ ನಡೆಯುವಷ್ಟು ದಿನ ಅದು ಬರೀ ನೆಲ. ಅಕ್ಕು ಅದರ ಮೇಲೆ ಮೊಣಕಾಲೂರಿ, ತಿಕ್ಕುತ್ತ ತಿಕ್ಕುತ್ತ ಹಿಂದೆ ಸರಿದು, ಹೊಸ್ತಿಲಿನಾಚೆ ಬಂದುಬಿಡಬೇಕು. ಒಣಗಿತೆಂದರೆ ಅದು ಚಾವಡಿ. ಅಕ್ಕುವಿನ ಜಾತಿಯವರು ಚಾವಡಿಗೆ ಹೋಗುವ ಪದ್ಧತಿ ಊರಿನ ಯಾವ ಮನೆಯಲ್ಲೂ ಇರಲಿಲ್ಲ. ಇಗರ್ಜಿಯ ಭಾನುವಾರದ ಪೂಜೆ ಒಂದೂ ತಪ್ಪಿಸದ ಡುಲ್ಸಿನ್ ಬಾಯಿಯ ಮನೆಯಲ್ಲೂ ಇರಲಿಲ್ಲ. ಅದರಲ್ಲೂ ನೆಂಟರಿಗಿಂತ ಮೊದಲು ಹೋಗುವುದೆಂದರೆ! ಜೋಕಿಮ್ ಸುಮ್ಮನೆ ಒಮ್ಮೆ ಕೆಮ್ಮಿದರು.

"ನಾನು ಬೇಡ ಬಾಯಮ್ಮ," ಎಂದಳು ಅಕ್ಕು. "ನನ್ನ ಕಾಲಿಡೀ ಮಸಿ ಉಂಟು."

ನೆಂಟರ ಕಾಲಿಗೆಂದು ಹಿತ್ತಾಳೆಯ ಚೆಂಬಿನಲ್ಲಿ ನೀರು ಹಿಡಿದು ಜಗಲಿಯ ಮೂಲೆಯಲ್ಲಿ ನಿಂತಿದ್ದ ಒಲಿಂಡಾ ಅಂಗಳಕ್ಕಿಳಿದಳು. ಯಾರನ್ನೂ ಕೇಳಲಿಲ್ಲ. ಅಕ್ಕುವಿನ ಎರಡೂ ಕಾಲಿಗೆ ನೀರು ಹೊಯ್ದು, ಹಿಮ್ಮಡಿಗೆ ಅಂಟಿದ ಮಸಿ ಹೋಗುವ ತನಕ ಕೈಯಿಂದ ಉಜ್ಜಿ, ತನ್ನ ಹೊಸ ಸೀರೆಯ ಸೆರಗಿನಲ್ಲಿ ಒರೆಸಿದಳು. ಡುಲ್ಸಿನ್ ಬಾಯಿ ಕಣ್ಣು ಮುಚ್ಚಿಕೊಂಡರು. ಮೂರನೆಯ ಸಂಬಂಧವೂ ಕೈತಪ್ಪಿತೆಂಬುದರಲ್ಲಿ ಅವರಿಗೆ ಸಂಶಯವೇ ಉಳಿಯಲಿಲ್ಲ.

"ನೋಡಿದೆಯಾ?" ವೆರೊನಿಕಾ ಬಾಯಿ ತಗ್ಗಿದ ಸ್ವರದಲ್ಲಿ ಮಗನನ್ನು ಕೇಳಿದರು.

"ನೋಡಿದೆ. ಇಂಥ ನೆಲ ಬೊಂಬಾಯಿಯಲ್ಲೂ ಇಲ್ಲ."

"ನೆಲವನ್ನಲ್ಲ ಮಗಾ. ಹುಡುಗಿಯನ್ನು."

ವ್ಯಾಲೆಂಟೈನ್ ಆಗ ನೋಡಿದ. ನೋಡಿದವನು ಬೇಗ ಕಣ್ಣು ತೆಗೆಯಲಿಲ್ಲ. ತಾಯಿ ಮಗನ ಮಾತು ಡುಲ್ಸಿನ್ ಬಾಯಿಯ ಕಿವಿಗೂ ಬಿದ್ದಿತ್ತು. ಅವರು ಕಣ್ಣು ಬಿಟ್ಟು, ಈ ಮನೆಗೆ ಸೊಸೆಯಾಗಿ ಬಂದ ಇಪ್ಪತ್ತು ವರ್ಷಗಳಲ್ಲಿ ಅಂಥವರಾರಿಗೂ ಒಮ್ಮೆಯೂ ಹೇಳದಿದ್ದ ಮಾತನ್ನು ಹೇಳಿದರು.

"ಬಾ ಅಕ್ಕು. ಒಳಗೆ ಬಾ."

ಅಕ್ಕು ಜಗಲಿ ಹತ್ತಿದಳು. ಹೊಸ್ತಿಲ ಬಳಿ ಒಂದು ಗಳಿಗೆ ನಿಂತು, ದಾಟಿದಳು. ಒಂದು ಹೆಜ್ಜೆ, ಎರಡು, ಮೂರು. ನೆಲದೊಳಗಿನಿಂದ ಇನ್ನೊಬ್ಬಳು ಅಕ್ಕು ಅವಳ ಪಾದಕ್ಕೆ ಪಾದ ಕೊಡುತ್ತ ಜೊತೆಗೇ ಬಂದಳು. ಜಗಲಿಯಲ್ಲಿದ್ದವರು ಬಾಗಿಲಿನಿಂದ ಬಗ್ಗಿ ನೋಡುತ್ತಿದ್ದರು. ಹಿಂದೆ ಒಂದು ಗುರುತೂ ಮೂಡಲಿಲ್ಲ. ನಡುಚಾವಡಿಗೆ ಹೋದವಳು ತಿರುಗಿ ಬರಬೇಕಿತ್ತು. ಬರಲಿಲ್ಲ, ಅಲ್ಲೇ ನಿಂತುಬಿಟ್ಟಳು.

"ಎಂತಾಯ್ತು ಅಕ್ಕು?" ಡುಲ್ಸಿನ್ ಬಾಯಿ ಗಾಬರಿಯಿಂದ ಕೇಳಿದರು.

ಅಕ್ಕು ತಲೆ ಎತ್ತಲಿಲ್ಲ.

"ಎಂತ ಇಲ್ಲ ಬಾಯಮ್ಮ. ನಲ್ವತ್ತು ಮನೆಗೆ ನೆಲ ಮಾಡಿದ್ದೇನೆ. ಮೇಲೆ ನಿಂತರೆ ಇಷ್ಟು ತಂಪು ಉಂಟಂತ ಇವತ್ತೇ ಗೊತ್ತಾದದ್ದು."