ಒಂದು ಗೇಣು ಖಾಲಿ ಜಾಗ

ವಾಲ್ವನ್ನು ಕೂದಲೆಳೆಯಷ್ಟು ತಿರುಗಿಸಿ ಶಹಾತ ಕಿವಿಗೊಟ್ಟ. ಅಷ್ಟು ಹೊತ್ತೂ ಹುಕ್ಕಾದ ಹಾಗೆ ಗುಳುಗುಳು ಎನ್ನುತ್ತಿದ್ದ ಕೊಳವೆ ಬಾಯಿ ಮುಚ್ಚಿತು. ಮೇಲೆ ಬಣ್ಣದ ಮೀನುಗಳ ಉಪ್ಪುನೀರಿನ ತೊಟ್ಟಿ, ಕೆಳಗೆ ಗಾಜಿನ ಬಾಗಿಲ ಬೀರುವಿನೊಳಗೆ ನೀರು ಸೋಸುವ ಮರಿತೊಟ್ಟಿ. ಪಂಪು ಎಷ್ಟು ನೀರು ಮೇಲೇರಿಸುತ್ತದೋ ಅಷ್ಟೇ ನೀರು ಸದ್ದಿಲ್ಲದೆ ಕೆಳಗಿಳಿಯಬೇಕು. ಮೂರು ದಿನ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿ ಅವನು ಆ ಹದ ಹಿಡಿದಿದ್ದ. ಕೊನೆಗೆ ಮರಿತೊಟ್ಟಿಯ ಗಾಜಿನ ಮೇಲೆ, ಅಂಚಿನಿಂದ ಒಂದು ಗೇಣು ಕೆಳಗೆ, ಕೆಂಪು ಗೆರೆ ಎಳೆದ.

"ಈ ಗೆರೆ ದಾಟಿ ನೀರು ಹಾಕಬೇಡಿ, ಯಜಮಾನ್ರೆ."

ಮನೆಯ ಯಜಮಾನ ಬು ಮಿಶಾರಿ ಬಗ್ಗಿ ನೋಡಿ ಮುಖ ಸಿಂಡರಿಸಿದ. "ಇಷ್ಟು ಖಾಲಿ ಬಿಟ್ಟಿದೀಯಲ್ಲೋ. ಸೋಮವಾರ ನನ್ನ ದಿವಾನಿಯಾಕ್ಕೆ ಕೇರಿಯ ಗಂಡಸರೆಲ್ಲ ಬಂದು ಕೂರ್ತಾರೆ. ಬು ಮಿಶಾರಿ ಮನೇಲಿ ನೀರಿಗೂ ಕೈ ಬಿಗಿ ಅಂತಾರೆ."

ಶಹಾತ ಪಂಪು ನಿಲ್ಲಿಸಿದ. ಮೇಲಿನ ನೀರು ಇಳಿಯುತ್ತ ಬಂತು. ಮರಿತೊಟ್ಟಿ ಏರಿ ಏರಿ, ಅಂಚಿಗೆ ಒಂದು ಬೆರಳು ಉಳಿದಾಗ ನಿಂತಿತು. "ನೋಡಿದ್ರಾ? ಪಂಪು ನಿಂತಾಗ ಮೇಲಿನ ನೀರು ಬಂದು ಕೂರೋದಕ್ಕೆ ಜಾಗ ಬೇಕು. ನಿಮ್ಮ ಕಾಫಿ ಬಟ್ಟಲು ಅಂತಲೇ ಅಂದ್ಕೊಳ್ಳಿ. ಕಾಲು ಭಾಗ ತಾನೇ ಹೊಯ್ಯೋದು?"

"ಅದರ ಮಾತೇ ಬೇರೆ, ಮಾರಾಯ. ಬಟ್ಟಲು ತುಂಬ ಹೊಯ್ದರೆ, ಕುಡಿದು ಎದ್ದು ಹೋಗು ಅಂತ ಅರ್ಥ. ನಿಮ್ಮ ಅಲೆಕ್ಸಾಂಡ್ರಿಯಾದಲ್ಲಿ ಇದೆಲ್ಲ ಎಲ್ಲಿ ಗೊತ್ತಾಗಬೇಕು? ನನ್ನ ಕೈಯಿಂದ ಇವತ್ತಿನವರೆಗೆ ಯಾರಿಗೂ ತುಂಬಿದ ಬಟ್ಟಲು ಹೋಗಿಲ್ಲ." ಬು ಮಿಶಾರಿ ತಾನೇ ಕಾಫಿ ಹೊಯ್ದು ಕೊಟ್ಟ, ಲೆಕ್ಕದ ಪ್ರಕಾರ ಕಾಲು ಬಟ್ಟಲು. "ಸೋಮವಾರ ನೀನೂ ಬಾ. ಸದ್ದು ಬರದೇ ಇದ್ರೆ ಹತ್ತು ಮನೆ ಕೆಲಸ ನಿನಗೇ ಕೊಡಿಸ್ತೀನಿ."

ಕುವೈತಿನ ಅಂಗಡಿಯೊಂದರ ಚಾಕರಿ ಬಿಟ್ಟು ಸ್ವಂತಕ್ಕೆ ನಿಂತ ಮೇಲೆ ಶಹಾತನಿಗೆ ಇದೇ ಮೊದಲ ಕೆಲಸ. ಇದು ಕೈಹಿಡಿಯದಿದ್ದರೆ ತಲೆ ತಗ್ಗಿಸಿಕೊಂಡು ಹಳೆಯ ಮಾಲೀಕನ ಬಾಗಿಲಿಗೇ ಹೋಗಬೇಕು.

ಸೋಮವಾರ ಸಂಜೆಯ ನಮಾಜು ಮುಗಿಸಿ ಇಪ್ಪತ್ತು ಜನ ಗೋಡೆಗುಂಟ ಮೆತ್ತೆಗಳ ಮೇಲೆ ಕುಳಿತರು. ಶಹಾತ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ ಕುಳಿತ. ಬು ಮಿಶಾರಿಯ ಭಾವಮೈದುನ ದುವೈಜ್ ಬೀರುವಿಗೆ ಅಡ್ಡಲಾಗಿ ನಿಂತು ತೊಟ್ಟಿಗೆ ಕಿವಿ ಹಚ್ಚಿದ.

"ಭಾವ, ಇದು ಓಡ್ತಾ ಇದೆಯೋ, ನಾವು ಬರ್ತೀವಂತ ಬಂದ್ ಮಾಡಿಟ್ಟಿದೀಯೋ?"

"ಓಡ್ತಾ ಇದೆ. ಸದ್ದಿಲ್ಲ ಅಷ್ಟೆ. ನಿನ್ನ ಬಾಯಿಗೂ ಇಂಥದೊಂದು ವಾಲ್ವ್ ಹಾಕಿಸಬೇಕು."

"ಸದ್ದಿಲ್ಲದೆ ಓಡುತ್ತೆ ಅಂದ್ರೆ ನಮ್ಮನೆ ಒಂಟೆನೂ ನಂಬಲ್ಲ ಬಿಡು."

ಎಲ್ಲರೂ ನಕ್ಕರು. ಶಹಾತನ ಎದೆ ಉಬ್ಬಿತು. ಯಾರೂ ನಂಬದಷ್ಟು ಚೆನ್ನಾಗಿ ಅವನು ಕೆಲಸ ಮಾಡಿದ್ದ. ಆದರೆ ನಗು ತಗುಲಿದ್ದು ಬು ಮಿಶಾರಿಗೆ. "ನಂಬಲ್ವಾ? ನಿಲ್ಲಿಸಿ ತೋರಿಸ್ತೀನಿ. ವ್ಯತ್ಯಾಸ ನೀನೇ ನೋಡು" ಎಂದು ಸ್ವಿಚ್ಚಿನತ್ತ ನಡೆದ. ದುವೈಜ್ ಪಕ್ಕಕ್ಕೆ ಸರಿದ. ಆಗ ಶಹಾತನಿಗೆ ಮರಿತೊಟ್ಟಿ ಕಂಡಿತು. ಅಂಚಿನವರೆಗೆ ತುಂಬಿ ತುಳುಕುವಂತಿತ್ತು. ಕೆಂಪು ಗೆರೆಯನ್ನು ಯಾರೋ ತಿಕ್ಕಿ ಒರೆಸಿದ್ದರು, ಗುಲಾಬಿ ಬಣ್ಣದ ಕಲೆ ಮಾತ್ರ ಉಳಿದಿತ್ತು.

"ತಡೀರಿ, ಯಜಮಾನ್ರೆ" ಎನ್ನುವಷ್ಟರಲ್ಲಿ ಸ್ವಿಚ್ಚು ಟಕ್ ಎಂದಿತ್ತು.

ನೀರು ಅಂಚು ದಾಟಿ, ಗಾಜಿನ ಬಾಗಿಲ ಕೆಳಗಿನಿಂದ ನುಸುಳಿ, ಅಜ್ಜನ ಕಾಲದ ಇರಾನಿ ಜಮಖಾನದ ಮೇಲೆ ಹರಿಯಿತು. ಜನ ಕಾಲು ಮೇಲೆತ್ತಿಕೊಂಡರು. ಬು ಮಿಶಾರಿ ಸ್ವಿಚ್ಚಿನ ಮುಂದೆ ಕಂಬದಂತೆ ನಿಂತುಬಿಟ್ಟ. ಜನರನ್ನು ದಾಟಿಕೊಂಡು ಹೋಗಿ ಶಹಾತ ಪಂಪು ಹಾಕುವಷ್ಟರಲ್ಲಿ ಜಮಖಾನ ನಲವತ್ತು ಲೀಟರ್ ಉಪ್ಪುನೀರು ಕುಡಿದಿತ್ತು. ಮೇಲಿನ ತೊಟ್ಟಿಯ ಪಾಲಿನ ನೀರು ಮತ್ತೆ ಮೇಲಕ್ಕೆ ಹೋಯಿತು. ಮರಿತೊಟ್ಟಿಯಲ್ಲಿ ಉಳಿದ ನೀರು ಇಳಿಯುತ್ತ ಇಳಿಯುತ್ತ ಸರಿಯಾಗಿ ಆ ಗುಲಾಬಿ ಕಲೆಯ ಹತ್ತಿರ ಬಂದು, ಸದ್ದಿಲ್ಲದೆ ನಿಂತಿತು. ಅದನ್ನು ಶಹಾತನೊಬ್ಬನೇ ನೋಡಿದ.

"ಏನೋ ಇದು, ಏನು ಮಾಡಿಟ್ಟಿದೀಯ?" ಬು ಮಿಶಾರಿ ಎಲ್ಲರೆದುರು ಕೇಳಿದ.

"ನಮ್ಮನೆಗೆ ಇವನು ಬೇಡಪ್ಪ" ಎಂದು ದುವೈಜ್ ನಿಲುವಂಗಿಯ ಅಂಚು ಹಿಂಡಿದ.

ಗೆರೆ ಒರೆಸಿದ್ದು ಯಾರು ಎಂದು ಕೇಳಿದ್ದರೆ ಸಾಕಿತ್ತು. ಶಹಾತ ಬು ಮಿಶಾರಿಯ ಮುಖ ನೋಡಿದ. ಅಲ್ಲಿ ಸಿಟ್ಟಿಗಿಂತ ಹೆಚ್ಚಾಗಿ ಅಂಗಲಾಚಿಕೆ ಇತ್ತು. ನರೆತ ಗಡ್ಡದವನನ್ನು ಅವನ ಮನೆಯಲ್ಲೇ, ಇಪ್ಪತ್ತು ಜನರ ಮುಂದೆ ಸಣ್ಣವನನ್ನಾಗಿ ಮಾಡಲು ನಾಲಿಗೆ ಏಳಲಿಲ್ಲ. ಇವನ ಮಾನ ನಾನು ಉಳಿಸಿದರೆ ನನ್ನ ಅನ್ನ ಇವನು ಉಳಿಸಿಯಾನು ಎಂಬ ಆಸೆಯೂ ಇತ್ತು, ಸುಳ್ಳೇಕೆ.

"ನನ್ನ ಅಳತೆ ತಪ್ಪಿತು, ಯಜಮಾನ್ರೆ."

ಬು ಮಿಶಾರಿಗೆ ಹೋದ ಉಸಿರು ಬಂತು. ಎಡಗೈಯಲ್ಲಿ ಹಿತ್ತಾಳೆಯ ಕಾಫಿ ಹೂಜಿ, ಬಲಗೈಯಲ್ಲಿ ಬಟ್ಟಲು ಹಿಡಿದು ಒದ್ದೆ ಜಮಖಾನದ ಮೇಲೆ ಶಹಾತನಿದ್ದಲ್ಲಿಗೆ ತಾನೇ ನಡೆದು ಬಂದ. ಶಹಾತನ ಕಣ್ಣು ತುಂಬಿ ಬಂತು. ಕಾಫಿ ಕಾಲು ಬಟ್ಟಲಾಯಿತು, ಅರ್ಧವಾಯಿತು, ಹೂಜಿ ಬಾಗಿಯೇ ಇತ್ತು. ಕೂತವರೆಲ್ಲ ಕತ್ತು ಚಾಚಿ ಬಟ್ಟಲನ್ನೇ ನೋಡಿದರು. ಕಾಫಿ ಅಂಚಿಗೆ ಬಂದು, ಇನ್ನೇನು ಚೆಲ್ಲಬೇಕು ಎನ್ನುವಾಗ, ಪಳಗಿದ ಆ ಕೈ ಹೂಜಿಯನ್ನು ಮೇಲೆತ್ತಿತು. ಜಮಖಾನದ ಮೇಲೆ ಒಂದು ಹನಿಯೂ ಬೀಳಲಿಲ್ಲ.