ಹುಂಜದ ಕೇಸಿನ ನಕಲು

"ನೀನು ಈ ಕೇಸಿನ ಆರೋಪಿನಾ?" ಕೋರ್ಟಿನ ನಕಲು ವಿಭಾಗದ ಪುರಿಂಗ್ ಮೇಡಂ ಕನ್ನಡಕ ಮೇಲೇರಿಸಿ ಕೇಳಿದರು.

"ಅಲ್ಲ ಮೇಡಂ. ಅಲ್ಲ ಅಂತ ತೋರಿಸೋಕೇ ನಕಲು ಬೇಕಾಗಿರೋದು."

"ಆರೋಪಿ ಅಲ್ಲದವರಿಗೆ ನಕಲು ಕೊಡಲ್ಲ ತಮ್ಮಾ."

ತೆಲೆಸ್ಫೋರೊ ಗರ್ಗನೇರಾ ಕೌಂಟರಿನ ಮೇಲೆ ಎರಡೂ ಕೈ ಊರಿ ನಿಂತ. ಮನಿಲಾದಿಂದ ಹೊರಡುವ ಹಡಗಿನಲ್ಲಿ ಅವನಿಗೆ ಅಡುಗೆಯವನ ಕೆಲಸ ಸಿಕ್ಕಿತ್ತು. ತನ್ನ ಮೇಲೆ ಯಾವ ಕೇಸೂ ಇಲ್ಲವೆಂಬ ಪೊಲೀಸ್ ಪತ್ರವನ್ನು ಶುಕ್ರವಾರದೊಳಗೆ ಕೊಡದಿದ್ದರೆ ಆ ಕೆಲಸ ಇನ್ನೊಬ್ಬನ ಪಾಲು. ಆದರೆ ಪೊಲೀಸರ ಕಂಪ್ಯೂಟರಿಗೆ ಅವನ ಹೆಸರು ಹಾಕಿದ ಕೂಡಲೇ ಒಂದು ಹಳೆಯ ಕೇಸು ಎದ್ದು ಬಂದಿತ್ತು: ತೆಲೆಸ್ಫೋರೊ ಗರ್ಗನೇರಾ, ಕಾಳಗದ ಹುಂಜ ಕದ್ದ ಆರೋಪ, ಇದೇ ಊರಿನ ಕೋರ್ಟು. ಕೇಸು ಏನಾಯಿತೆಂದು ಕೋರ್ಟಿನಿಂದಲೇ ಬರೆಸಿಕೊಂಡು ಬಾ ಎಂದು ಅವನನ್ನು ಇಲ್ಲಿಗೆ ಅಟ್ಟಿದ್ದರು.

"ಆ ಹುಂಜ ಕಳುವಾದಾಗ ನನಗೆ ಮೂರು ವರ್ಷ ಮೇಡಂ."

"ಇರಬಹುದು. ರಿಜಿಸ್ಟರಲ್ಲಿ ಬರೀ ಹೆಸರಿದೆ, ವಯಸ್ಸಿಲ್ಲ." ಮೇಡಂ ದನಿ ತಗ್ಗಿಸಿದರು. "ನೋಡು, ಒಂದು ದಾರಿ ಇದೆ. ಆರೋಪಿನೇ ಬಂದು ಅರ್ಜಿ ಕೊಟ್ರೆ ನಿಂತ ಕಾಲಲ್ಲೇ ನಕಲು ಕೊಡ್ತೀನಿ."

"ಅವರು ತಲೆ ಮರೆಸಿಕೊಂಡು ಇಪ್ಪತ್ತು ವರ್ಷದ ಮೇಲಾಯ್ತಲ್ಲ!"

"ಹೌದು, ಪಾಪ. ಬೆಟ್ಟದ ಮೇಲೆ ಚಾಪೆಲ್ ದಾಟಿದರೆ ಎಡಕ್ಕೆ ಎರಡನೇ ಮನೆ. ನಾಯಿ ಇದೆ, ಹುಷಾರು."

ಬೆಟ್ಟದ ಮೇಲಿನ ತೆಲೆಸ್ಫೋರೊ ಗರ್ಗನೇರಾ ಇದ್ದಿಲು ಸುಡುತ್ತಿದ್ದ. ಊರಿನಲ್ಲಿ ಅರ್ಧಕ್ಕರ್ಧ ಜನ ಗರ್ಗನೇರಾಗಳೇ. ಮಗುವಿಗೆ ಹುಟ್ಟಿದ ದಿನದ ಸಂತನ ಹೆಸರಿಡುವುದು ರೂಢಿ. ಇಬ್ಬರೂ ಜನವರಿ ಐದರಂದು ಹುಟ್ಟಿದವರು. ಅದರಲ್ಲಿ ಯಾರ ತಪ್ಪೂ ಇರಲಿಲ್ಲ.

"ಅಂದ್ರೆ ನೀನು ಹಡಗಿಗೆ ಹೋಗೋಕೆ ನಾನು ಜೈಲಿಗೆ ಹೋಗಬೇಕು," ಎಂದ ಮುದುಕ.

"ಬಲವಂತ ಇಲ್ಲ ಮಾವಾ."

"ಪೊಲೀಸರು ಇನ್ನೂ ನನ್ನ ಬಿಟ್ಟಿಲ್ಲ ಕಣೋ. ಹೆಂಡತಿ ಇದ್ದಿಲು ಮಾರೋಕೆ ವಾರವಾರ ಸಂತೆಗೆ ಹೋಗ್ತಾಳೆ. ಹೋದಾಗೆಲ್ಲ ಅವಳನ್ನ ತಡೆದು, ಗಂಡ ಎಲ್ಲಿ ಅಂತ ಕೇಳ್ತಾರಂತೆ. ಹೋದ ವಾರವೂ ಕೇಳಿದ್ರಂತೆ. ಗಟ್ಟಿಗಿತ್ತಿ ಅವಳು, ಬಾಯಿ ಬಿಟ್ಟಿಲ್ಲ. ಅವತ್ತಿಂದ ನಾನು ಹುಂಜದ ಅಂಕ, ಕಾಳಗ ಅಂತ ಹೋಗಿಲ್ಲ, ಒಂದು ತೊಟ್ಟು ಕುಡಿದಿಲ್ಲ. ಬೆಟ್ಟದ ಮೇಲೆ ಏನು ಸಿಗುತ್ತೆ ಹೇಳು, ಗೆಣಸು."

ಅವನು ಇದ್ದಿಲ ಗೂಡಿನ ಬಾಯಿಗೆ ಮಣ್ಣು ಮುಚ್ಚಿದ.

"ಕದ್ದದ್ದು ನಾನೇ. ಆ ದರಿದ್ರ ಹುಂಜ ಮೊದಲ ಅಂಕದಲ್ಲೇ ಸತ್ತು ಬಿತ್ತು. ಅದು ನಿನ್ನ ಅನ್ನಕ್ಕೆ ಯಾಕೆ ಅಡ್ಡ ಬರಬೇಕು? ನಡಿ. ಇವತ್ತು ಸಂತೆ, ಅವಳು ಮನೇಲಿಲ್ಲ. ಇದ್ದಿದ್ರೆ ಬಿಡ್ತಿರ್ಲಿಲ್ಲ."

ಒಗೆದ ಅಂಗಿ ತೊಟ್ಟ. ಜೈಲಿಗೆಂದು ಸೊಳ್ಳೆಪರದೆ, ಒಣಮೀನು ಗಂಟು ಕಟ್ಟಿಕೊಂಡ.

ಪುರಿಂಗ್ ಮೇಡಂ ಅರ್ಜಿಯ ಮೇಲೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು, ಅಂಚನ್ನು ಗೆದ್ದಲು ತಿಂದ ಫೈಲೊಂದನ್ನು ಒಳಗಿನಿಂದ ತಂದರು. "ದೂರು ಕೊಟ್ಟವನು ಒಂದು ಸಲವೂ ಕೋರ್ಟಿಗೆ ಬಂದಿಲ್ಲ. ಆ ವರ್ಷವೇ ಕೇಸು ವಜಾ ಆಗಿದೆ."

"ವಜಾ ಅಂದ್ರೆ?"

"ಮುಗೀತು ಅಂತ. ನಿಮ್ಮನ್ನ ಯಾರೂ ಹುಡುಕ್ತಾ ಇಲ್ಲ."

"ಇಲ್ಲ ತಾಯಿ, ಹೋದ ವಾರ ಕೂಡ..."

"ಯಾರೂ ಇಲ್ಲ. ಆದೇಶ ಆಗಲೇ ನಿಮ್ಮ ಮನೆಗೆ ತಲುಪಿದೆಯಲ್ಲ. ಇಗೋ ಇಲ್ಲಿ ಸಹಿ ಹಾಕಿ ತಗೊಂಡಿದ್ದಾರೆ, ಬಾಸಿಲಿಸಾ ಗರ್ಗನೇರಾ. ಯಾರಿದು?"

ಮುದುಕನಿಗೆ ಓದಲು ಬರುತ್ತಿರಲಿಲ್ಲ. ಆದರೂ ಆ ಸಹಿಯನ್ನು ಬಹಳ ಹೊತ್ತು ನೋಡಿದ.

"ನನ್ನ ಹೆಂಡತಿ."

ಮೇಡಂ ನಕಲಿಗೆ ಮೊಹರು ಒತ್ತಿ ಹುಡುಗನ ಕೈಗೆ ಕೊಟ್ಟರು. ಅವನು ಅದನ್ನು ಎದೆಗೊತ್ತಿಕೊಂಡ. ಮೇಡಂ ಮುದುಕನ ಕಡೆ ತಿರುಗಿದರು. "ನಿಮಗೂ ಒಂದು ಕೊಡ್ಲಾ?"

"ಬೇಡ ತಾಯಿ. ಮನೇಲಿ ಓದು ಬರೋದು ಅವಳೊಬ್ಬಳಿಗೇ. ಅವಳು ಓದಿಯಾಗಿದೆ."

ಕೋರ್ಟಿನ ಮೆಟ್ಟಿಲು ಇಳಿದರೆ ಸಂತೆ. ಬಾಸಿಲಿಸಾ ಇದ್ದಿಲ ಮೂಟೆಗಳ ನಡುವೆ ಕೂತಿದ್ದಳು. ಗಂಡನನ್ನು ನೋಡಿದಳು, ಅವನ ಪಕ್ಕದ ಹುಡುಗನನ್ನು ನೋಡಿದಳು, ಹುಡುಗನ ಕೈಯಲ್ಲಿದ್ದ ಮೊಹರಿನ ಕಾಗದವನ್ನೂ ನೋಡಿದಳು. ಆಚೆ ಮರದ ನೆರಳಿನಲ್ಲಿ ನಾಲ್ಕಾರು ಗಂಡಸರು ಬಾಟಲಿ ನಡುವೆ ಇಟ್ಟುಕೊಂಡು, ಭಾನುವಾರದ ಅಂಕಕ್ಕೆ ಹುಂಜಗಳ ಬೆನ್ನು ಸವರುತ್ತಿದ್ದರು.

"ಅಯ್ಯೋ, ಇಲ್ಯಾಕೆ ಬಂದೆ ಮಾರಾಯ!" ಎಂದಳು ಪಿಸುದನಿಯಲ್ಲಿ. "ಬಗ್ಗು, ಬಗ್ಗು. ಪೊಲೀಸರಿದ್ದಾರೆ."

ಸಂತೆಯಲ್ಲಿದ್ದ ಒಬ್ಬನೇ ಒಬ್ಬ ಪೊಲೀಸ್ ಅವರಿಗೆ ಬೆನ್ನು ಹಾಕಿ ಕರಿದ ಬಾಳೆಹಣ್ಣು ತಿನ್ನುತ್ತಿದ್ದ.

ಮುದುಕ ಮರದ ನೆರಳಿನ ಕಡೆ ಒಮ್ಮೆ ನೋಡಿದ. ಹೆಂಡತಿಯ ಮುಖ ನೋಡಿದ. ಆಮೇಲೆ ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಬಗ್ಗಿಕೊಂಡೇ ಹೋಗಿ ಮೂಟೆಗಳ ಹಿಂದೆ ಕೂತ. ಅವಳು ಅವನ ತಲೆಯ ಮೇಲೊಂದು ಖಾಲಿ ಗೋಣಿ ಹೊದಿಸಿ ಗಿರಾಕಿಯ ಕಡೆ ತಿರುಗಿದಳು.